ನೆಲ ನಡುಗಿದ ಜಾಗ ಹುಡುಕುವುದು ಹೇಗೆ?

ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಕಡೆ ನೆಲ ಸ್ವಲ್ಪ ಅಲುಗಿದರೆ ಸಾಕು, ಪುಣೆ-ಮುಂಬಯಿಯ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಗೊಣಗಾಟ ಶುರು. "ಭೂಕಂಪ ಎಷ್ಟು ದೊಡ್ಡದು ಅಂತ ಮೊದಲು ಒಂದು ನಂಬರ್ ಹೇಳ್ತಾರೆ, ಆಮೇಲೆ ಕಮ್ಮಿ ಮಾಡ್ತಾರೆ, ಏನೋ ಮುಚ್ಚಿಡ್ತಿದ್ದಾರೆ!" ಮುಚ್ಚಿಡುವುದೇನೂ ಇಲ್ಲ. ಮೊದಲ ಲೆಕ್ಕಕ್ಕೆ ಭೂಕಂಪ ಅಳೆಯುವ ಕೆಲವೇ ಕೇಂದ್ರಗಳ ದಾಖಲೆ ಸಿಕ್ಕಿರುತ್ತದೆ, ಉಳಿದವು ಬಂದ ಹಾಗೆ ಸರಾಸರಿ ಬದಲಾಗುತ್ತದೆ, ಅಷ್ಟೇ.

ನನಗೆ ತುಂಬಾ ಇಷ್ಟವಾದದ್ದು ಜಾಗ ಹುಡುಕುವ ಉಪಾಯ. ಬಂಡೆ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ, ಎಸ್ ಅಲೆ ಸುಮಾರು ಮೂರೂವರೆ. ಚರ್ಚ್‌ಗೇಟಿನಿಂದ ಮುಂಬಯಿಯ ಫಾಸ್ಟ್ ಲೋಕಲ್ ರೈಲೂ ಸ್ಲೋ ಲೋಕಲ್ ರೈಲೂ ಒಂದೇ ಹೊತ್ತಿಗೆ ಬಿಟ್ಟವು ಅಂತಿಟ್ಟುಕೊಳ್ಳಿ. ದಾದರ್‌ನಲ್ಲಿ ಎರಡರ ನಡುವೆ ಅಂತರ ಕಮ್ಮಿ, ಇನ್ನೂ ದೂರದ ಬೊರಿವಲಿಯಲ್ಲಿ ಜಾಸ್ತಿ. ಗಾಡಿ ಎಷ್ಟು ಗಂಟೆಗೆ ಬಿಟ್ಟಿತೋ ಗೊತ್ತಿಲ್ಲದಿದ್ದರೂ ಆ ಅಂತರ ನೋಡಿಯೇ ಚರ್ಚ್‌ಗೇಟ್ ಎಷ್ಟು ದೂರ ಅಂತ ಹೇಳಬಹುದು, ಅಲ್ವಾ? ಪಿ ಬಂದ ಎಷ್ಟು ಸೆಕೆಂಡಿಗೆ ಎಸ್ ಬಂತು ನೋಡಿ, 8ರಿಂದ ಗುಣಿಸಿ, ಹೆಚ್ಚುಕಮ್ಮಿ ಕಿಲೋಮೀಟರ್ ಲೆಕ್ಕ ಸಿಕ್ಕಿತು. ಕೊಯ್ನಾದಲ್ಲಿ ನಡುಗಿದರೆ ಪುಣೆಯಲ್ಲಿ ಈ ಅಂತರ ಸುಮಾರು 15 ಸೆಕೆಂಡ್, ಮುಂಬಯಿಯಲ್ಲಿ 24, ಪಣಜಿಯಲ್ಲಿ 26. ಮೂರೂ ಊರುಗಳ ಸುತ್ತ ಆಯಾ ದೂರಕ್ಕೆ ಕೈವಾರದಲ್ಲಿ ವೃತ್ತ ಎಳೆದರೆ ಮೂರೂ ಸೇರುವ ಜಾಗ ಕೊಯ್ನಾ! ಈಗ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ಆಳವನ್ನೂ ಹೇಳುತ್ತದೆ.

ಇನ್ನು ಆ ನಂಬರ್. 1935ರಲ್ಲಿ ಕ್ಯಾಲಿಫೋರ್ನಿಯಾದ ಚಾರ್ಲ್ಸ್ ರಿಕ್ಟರ್ ಒಂದು ಅಳತೆ ಮಾಡಿದರು. 100 ಕಿಲೋಮೀಟರ್ ದೂರದಲ್ಲಿಟ್ಟ ವುಡ್-ಆ್ಯಂಡರ್ಸನ್ ಎಂಬ ನಡುಕ ದಾಖಲಿಸುವ ಯಂತ್ರದ ಗೆರೆ 1 ಮಿಲಿಮೀಟರ್ ಅಲುಗಿದರೆ ಅಂಕಿ 3, 10 ಮಿಲಿಮೀಟರ್ ಅಲುಗಿದರೆ 4. ಶಕ್ತಿ ಮಾತ್ರ ಒಂದು ಅಂಕಿಗೆ ಸುಮಾರು 32 ಪಟ್ಟು ಏರುತ್ತದೆ. ದೂರವನ್ನು ಲೆಕ್ಕದಲ್ಲೇ ಸರಿದೂಗಿಸುವುದರಿಂದ ಎಲ್ಲಿಂದ ಅಳೆದರೂ ಹತ್ತಿರ ಹತ್ತಿರ ಅದೇ ಅಂಕಿ ಬರಬೇಕು. "ಡೊಂಬಿವಲಿಯಲ್ಲಿ ಎಷ್ಟು ರಿಕ್ಟರ್ ಆಯ್ತು?" ಅನ್ನುವುದಕ್ಕೆ ಅರ್ಥವೇ ಇಲ್ಲ. ದೊಡ್ಡ ಭೂಕಂಪಗಳಿಗೆ ಈಗ ರಿಕ್ಟರ್ ಅಳತೆಯನ್ನೂ ಬಳಸುವುದಿಲ್ಲ. ಬಿರುಕಿನ ವಿಸ್ತೀರ್ಣ, ಬಂಡೆ ಜಾರಿದ ದೂರ, ಬಂಡೆಯ ಗಡಸುತನ ಮೂರನ್ನೂ ಗುಣಿಸಿ ಲೆಕ್ಕ ಹಾಕುತ್ತಾರೆ. ಅದನ್ನು ಅಂಕಿಗೆ ಇಳಿಸುವ ಸೂತ್ರ 1979ರಲ್ಲಿ ವಿಜ್ಞಾನಿಗಳಾದ ಹ್ಯಾಂಕ್ಸ್ ಮತ್ತು ಕನಮೊರಿ ಕೊಟ್ಟದ್ದು.

ಹಾನಿಯ ಕತೆ ಬೇರೆ. 1967ರ ಡಿಸೆಂಬರ್‌ನ ಕೊಯ್ನಾ ಭೂಕಂಪವೂ 1993ರ ಸೆಪ್ಟೆಂಬರ್‌ನ ಕಿಲ್ಲಾರಿ (ಮಹಾರಾಷ್ಟ್ರದ ಲಾತೂರ್ ಜಿಲ್ಲೆ) ಭೂಕಂಪವೂ 6ರ ಮೇಲಿನ, ಹೆಚ್ಚುಕಮ್ಮಿ ಒಂದೇ ಅಳತೆಯವು. ಎರಡೂ ಬೆಳಗಿನ ಜಾವದವು. ಕೊಯ್ನಾದಲ್ಲಿ ಸತ್ತವರು ಸುಮಾರು 180, ಕಿಲ್ಲಾರಿ ಸುತ್ತ 7,900ಕ್ಕೂ ಹೆಚ್ಚು. ಕಿಲ್ಲಾರಿಯಲ್ಲಿ ಮಣ್ಣು ಮೆತ್ತಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು, ಮೇಲೆ ಮಣ್ಣಿನ ಭಾರದ ಮಾಡು. ಹಿಂದಿನ ದಿನ ಗಣಪತಿ ವಿಸರ್ಜನೆ ಮುಗಿಸಿ ಜನ ಒಳಗೆ ಮಲಗಿದ್ದರು.