ಪದ ಪರಿಚಯ: ನ್ಯೂರಾಪ್ರಾಕ್ಸಿಯಾ, ಆಕ್ಸಾನೋಟ್ಮೆಸಿಸ್, ನ್ಯೂರೋಟ್ಮೆಸಿಸ್

ತೋಳಿನ ಮೂಳೆ ಮುರಿದುಕೊಂಡು ಆಸ್ಪತ್ರೆಗೆ ಬಂದವರಲ್ಲಿ ಕೆಲವರ ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದಿರುತ್ತದೆ. ಬೆರಳು ಮಡಚಲು ಬರುತ್ತದೆ. ಆದರೆ ಮಣಿಕಟ್ಟು ಮೇಲಕ್ಕೆ ಏಳುವುದಿಲ್ಲ, ಬೆರಳುಗಳು ನೆಟ್ಟಗಾಗುವುದಿಲ್ಲ. ಡಾಕ್ಟರುಗಳು ಇದನ್ನು ರಿಸ್ಟ್ ಡ್ರಾಪ್ ಅನ್ನುತ್ತಾರೆ. ರೇಡಿಯಲ್ ನರ ತೋಳಿನ ಮೂಳೆಯ ಹಿಂಭಾಗವನ್ನು ಬಳಸಿಕೊಂಡು, ಅದಕ್ಕೆ ಒತ್ತಿಕೊಂಡ ಹಾಗೇ ಇಳಿಯುತ್ತದೆ. ಹಾಗಾಗಿ ಮೂಳೆ ಮುರಿದಾಗ ಪೆಟ್ಟು ನರಕ್ಕೂ ಬೀಳುತ್ತದೆ.

ಇಂಥವರ ಕಾಗದಪತ್ರಗಳಲ್ಲಿ ಮುಂದೆ ಎಲ್ಲೋ ಒಂದು ಕಡೆ ಮೇಲಿನ ಮೂರು ಪದಗಳಲ್ಲಿ ಒಂದು ಬರುತ್ತದೆ. ಓದಲು ಮೂರೂ ಒಂದೇ ಥರ ಕಾಣುತ್ತವೆ. ಆದರೆ ಮೊದಲನೆಯದು ಬರೆದಿದ್ದರೆ ಕೆಲವು ವಾರಗಳಲ್ಲಿ ಕೈ ಸರಿಹೋಗುತ್ತದೆ. ಎರಡನೆಯದಾದರೆ ತಿಂಗಳುಗಟ್ಟಲೆ ಕಾಯಬೇಕು. ಮೂರನೆಯದಾದರೆ ಆಪರೇಷನ್ ಮಾಡದೆ ಕೈ ಬರುವುದಿಲ್ಲ. ಕಷ್ಟ ಇರುವುದು ಇಲ್ಲಿ: ಪೆಟ್ಟಾದ ದಿನ ಮೂರರಲ್ಲೂ ಕೈ ಹೀಗೇ ಜೋತುಬಿದ್ದಿರುತ್ತದೆ. ನೋಡಿ, ಮುಟ್ಟಿ, ಯಾವುದೆಂದು ಹೇಳಲು ಆಗುವುದಿಲ್ಲ.

ನರದ ಒಳಗೆ ಏನಿದೆ ಅಂತ ಸ್ವಲ್ಪ ನೋಡೋಣ. ಒಂದು ನರದೊಳಗೆ ಸಾವಿರಾರು ಎಳೆಗಳಿರುತ್ತವೆ. ಈ ಎಳೆಯ ಹೆಸರು ಆಕ್ಸಾನ್. ಕೈಯ ಸ್ನಾಯುವಿಗೆ ಹೋಗುವ ಎಳೆಯ ಮೂಲಕೋಶ ಬೆನ್ನುಹುರಿಯಲ್ಲಿರುತ್ತದೆ. ಅಲ್ಲಿಂದ ಆ ಸ್ನಾಯುವಿನ ತನಕ ಬರುವುದು ಒಂದೇ ಕೋಶದ ಒಂದೇ ಉದ್ದನೆಯ ಬಾಲ. ಅನೇಕ ಎಳೆಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಸಂದೇಶ ವೇಗವಾಗಿ ಹೋಗುವುದು ಅದರಿಂದ. ಅದರ ಸುತ್ತ ತೆಳುವಾದ ಒಂದು ಕೊಳವೆ. ಇಂಥ ಕೊಳವೆಗಳು ಸೇರಿ ಕಟ್ಟುಗಳಾಗುತ್ತವೆ, ಕಟ್ಟುಗಳೆಲ್ಲ ಸೇರಿ ನಾವು ಕಣ್ಣಲ್ಲಿ ನೋಡಬಹುದಾದ ನರ ಆಗುತ್ತದೆ. ಪೆಟ್ಟು ಇವುಗಳಲ್ಲಿ ಎಲ್ಲಿಯ ತನಕ ಇಳಿಯಿತು ಅನ್ನುವುದೇ ಮೂರು ಪದಗಳ ನಡುವಿನ ವ್ಯತ್ಯಾಸ.

ನ್ಯೂರಾಪ್ರಾಕ್ಸಿಯಾ ಎಂದರೆ ಎಳೆ ತುಂಡಾಗಿಲ್ಲ. ಒತ್ತಡ ಬಿದ್ದ ಜಾಗದಲ್ಲಿ ಮಯಲಿನ್ ಕೆಟ್ಟಿದೆ, ಸಂದೇಶ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಅದರಿಂದ ಕೆಳಗಿನ ನರಕ್ಕೆ ಏನೂ ಆಗಿರುವುದಿಲ್ಲ. ಕುರ್ಚಿಯ ಬೆನ್ನಿನ ಮೇಲೆ ತೋಳು ಹಾಕಿಕೊಂಡು ಗಾಢ ನಿದ್ದೆ ಮಾಡಿದವರಿಗೆ ಬೆಳಿಗ್ಗೆ ಕೈ ಏಳದೆ ಹೋಗುವುದು, ತುಂಬ ಹೊತ್ತು ಕಾಲು ಮಡಚಿ ಕೂತವರ ಪಾದ ಜೋತುಬೀಳುವುದು ಸಾಮಾನ್ಯವಾಗಿ ಈ ಜಾತಿಯವು. ಮಯಲಿನ್ ಮತ್ತೆ ಕಟ್ಟಿಕೊಳ್ಳುವ ತನಕ ಕಾದರೆ ಆಯಿತು. ಕೆಲವರಿಗೆ ಕೆಲವೇ ದಿನ ಸಾಕು, ಜಾಸ್ತಿ ಅಂದರೆ ಸುಮಾರು 3 ತಿಂಗಳು. ನಾವೆಲ್ಲ ಅನುಭವಿಸಿರುವ, ಐದು ನಿಮಿಷಕ್ಕೆ ಬಿಟ್ಟುಹೋಗುವ ಜೋಮು ಇದಲ್ಲ. ಅದು ಇದಕ್ಕಿಂತ ಎಷ್ಟೋ ಸಣ್ಣದು.

ಆಕ್ಸಾನೋಟ್ಮೆಸಿಸ್‌ನಲ್ಲಿ ಎಳೆಯೇ ತುಂಡಾಗಿದೆ, ಆದರೆ ಅದರ ಸುತ್ತಲಿನ ಕೊಳವೆ ಉಳಿದಿದೆ. ತುಂಡಾದ ಜಾಗದಿಂದ ಕೆಳಗಿನ ಎಳೆ ಸಾಯುತ್ತದೆ. ಮೇಲಿನ ತುದಿ ಚಿಗುರಿ ಅದೇ ಕೊಳವೆಯೊಳಗೆ ಕೆಳಗಿಳಿಯುತ್ತದೆ. ಹಂದರ ಗಟ್ಟಿಯಾಗಿದ್ದರೆ ಕತ್ತರಿಸಿದ ಬಳ್ಳಿ ಮತ್ತೆ ಚಿಗುರಿ ಅದರ ಮೇಲೇ ಹಬ್ಬುತ್ತದೆ ಅಲ್ವಾ, ಹಾಗೆ. ದಾರಿ ತಪ್ಪುವುದಿಲ್ಲ, ಹಳೆಯ ಸ್ನಾಯುವಿಗೇ ಹೋಗಿ ಸೇರುತ್ತದೆ.

ನ್ಯೂರೋಟ್ಮೆಸಿಸ್‌ನಲ್ಲಿ ಕೊಳವೆಯೂ ಸೇರಿ ಇಡೀ ನರ ಕತ್ತರಿಸಿದೆ, ಇಲ್ಲವೇ ಒಳಗೆಲ್ಲ ಗಾಯದ ಕಲೆ ತುಂಬಿ ದಾರಿ ಮುಚ್ಚಿದೆ. ಇಲ್ಲೂ ಎಳೆಗಳು ಚಿಗುರುತ್ತವೆ. ಆದರೆ ಹೋಗಲು ದಾರಿ ಇಲ್ಲದೆ ಅಲ್ಲೇ ಸುತ್ತಿ ಗಂಟಾಗುತ್ತವೆ. ನ್ಯೂರೋಮಾ ಎಂಬ ಆ ಗಂಟನ್ನು ಮುಟ್ಟಿದರೆ ಪ್ರಾಣ ಹೋಗುವಷ್ಟು ನೋವು.

ಈ ಮೂರು ದರ್ಜೆಗಳನ್ನು ಕೊಟ್ಟವರು ಇಂಗ್ಲೆಂಡಿನ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್. ಎರಡನೇ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನಲ್ಲಿ ನರಕ್ಕೆ ಗಾಯವಾದವರನ್ನು ನೋಡಿಕೊಳ್ಳುತ್ತಿದ್ದ ಅವರು 1943ರಲ್ಲಿ ಇದನ್ನು ವಿಸ್ತಾರವಾಗಿ ಬರೆದರು. 1951ರಲ್ಲಿ ಆಸ್ಟ್ರೇಲಿಯಾದ ಸಿಡ್ನಿ ಸಂಡರ್ಲೆಂಡ್ ಮೂರನ್ನು ಐದು ಮಾಡಿದರು. ಆಸ್ಪತ್ರೆಗಳಲ್ಲಿ ಎರಡೂ ಪದ್ಧತಿ ಬಳಕೆಯಲ್ಲಿವೆ. ನನ್ನ ಮಟ್ಟಿಗೆ ಸಂಡರ್ಲೆಂಡರ ನಾಲ್ಕನೇ ದರ್ಜೆಯೊಂದನ್ನು ನೆನಪಿಟ್ಟುಕೊಂಡರೆ ಸಾಕು. ಅದರಲ್ಲಿ ಹೊರಗಿನಿಂದ ನರ ಒಂದೇ ತುಂಡಾಗಿ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಮಾತ್ರ ಬರೀ ಕಲೆ. ಶಸ್ತ್ರವೈದ್ಯರನ್ನು ಅತಿ ಹೆಚ್ಚು ಗೊಂದಲಕ್ಕೆ ಕೆಡವುವುದು ಇದೇ. ಅದಕ್ಕೇ ಆಪರೇಷನ್ ಮೇಜಿನ ಮೇಲೆ ನರವನ್ನು ಕಣ್ಣಲ್ಲಿ ನೋಡಿ ಬಿಡುವುದಿಲ್ಲ. ಕಲೆಯ ಮೇಲ್ಗಡೆ ವಿದ್ಯುತ್ ಕೊಟ್ಟು ಕೆಳಗಡೆ ಸಂದೇಶ ದಾಟಿ ಬರುತ್ತದೆಯೇ ಅಂತ ಅಳೆಯುತ್ತಾರೆ.

ಹಾಗಾದರೆ ಮೊದಲ ದಿನವೇ ಇ.ಎಂ.ಜಿ. (ಸ್ನಾಯುವಿಗೆ ಸೂಜಿ ಹಾಕಿ, ನರಕ್ಕೆ ವಿದ್ಯುತ್ ಕೊಟ್ಟು ನೋಡುವ ಟೆಸ್ಟ್) ಮಾಡಿಸಿ ಗೊತ್ತುಮಾಡಿಕೊಳ್ಳಬಹುದಲ್ಲ? ಆಗುವುದಿಲ್ಲ. ಇದಕ್ಕೆ ಕಾರಣ 1850ರಲ್ಲೇ ಸಿಕ್ಕಿತ್ತು. ಅಗಸ್ಟಸ್ ವಾಲರ್ ಎಂಬ ವೈದ್ಯ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕತ್ತರಿಸಿದ ಜಾಗದಿಂದ ಕೆಳಗಿನ ಭಾಗ ತಕ್ಷಣ ಸಾಯುವುದಿಲ್ಲ, ಕೆಲವು ದಿನಗಳಲ್ಲಿ ನಿಧಾನವಾಗಿ ಚೂರುಚೂರಾಗುತ್ತದೆ. ಅಂದರೆ ನರ ಪೂರ್ತಿ ಕತ್ತರಿಸಿದ್ದರೂ ಮೊದಲ ಕೆಲವು ದಿನ ಕೆಳಗಿನ ತುಂಡಿಗೆ ವಿದ್ಯುತ್ ಕೊಟ್ಟರೆ ಸ್ನಾಯು ಕುಣಿಯುತ್ತದೆ! ನ್ಯೂರಾಪ್ರಾಕ್ಸಿಯಾದಲ್ಲೂ ಕುಣಿಯುತ್ತದೆ. ಎರಡಕ್ಕೂ ವ್ಯತ್ಯಾಸ ಕಾಣುವುದು ಆ ತುಂಡು ಸತ್ತ ಮೇಲೆ. ಎಳೆ ಕಳೆದುಕೊಂಡ ಸ್ನಾಯು ತನ್ನಷ್ಟಕ್ಕೆ ಅದುರುವುದು ಸೂಜಿಯಲ್ಲಿ ಸರಿಯಾಗಿ ಗೊತ್ತಾಗಲು 2ರಿಂದ 3 ವಾರ ಬೇಕು. ಮೂರು ವಾರ ಬಿಟ್ಟು ಟೆಸ್ಟ್ ಅಂದರೆ ಡಾಕ್ಟರು ಸುಮ್ನೆ ಮುಂದೂಡುತ್ತಿದ್ದಾರೆ ಅಂತ ಬೇಸರ ಮಾಡಿಕೊಳ್ಳುವವರಿದ್ದಾರೆ. ಅವಸರಪಟ್ಟು ಮಾಡಿಸಿದ ಟೆಸ್ಟಿನಿಂದ ತಪ್ಪು ಸಮಾಧಾನ ಸಿಗುವ ಸಾಧ್ಯತೆಯೇ ಜಾಸ್ತಿ.

ಆ ಟೆಸ್ಟಿಗೂ ಒಂದು ಮಿತಿ ಇದೆ. ಎಳೆ ತುಂಡಾಗಿದೆಯೇ ಇಲ್ಲವೇ ಅಂತ ಅದು ಹೇಳುತ್ತದೆ. ಕೊಳವೆ ಉಳಿದಿದೆಯೇ ಅಂತ ಹೇಳುವುದಿಲ್ಲ. ಅಂದರೆ ಎರಡನೆಯದನ್ನೂ ಮೂರನೆಯದನ್ನೂ ಬೇರೆ ಮಾಡಿ ತೋರಿಸುವುದು ಅದರಿಂದ ಆಗುವುದಿಲ್ಲ. ಈಗ ಅಲ್ಟ್ರಾಸೌಂಡ್‌ನಲ್ಲಿ ಪೂರ್ತಿ ತುಂಡಾದ ನರವನ್ನು ಬೇಗ ಪತ್ತೆಹಚ್ಚಬಹುದು. ಉಳಿದ ಕಡೆ ಕಾದು ನೋಡುವುದೇ ಪರೀಕ್ಷೆ.

ಕಾಯುವುದಕ್ಕೂ ಲೆಕ್ಕ ಇದೆ. ಚಿಗುರಿದ ಎಳೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ, ತಿಂಗಳಿಗೆ ಸುಮಾರು 3 ಸೆಂಟಿಮೀಟರ್. ಪೆಟ್ಟಿನ ಜಾಗದಿಂದ ಮುಂದಿನ ಸ್ನಾಯು 10 ಸೆಂಟಿಮೀಟರ್ ದೂರ ಇದ್ದರೆ ಸುಮಾರು 100 ದಿನ, ಜೊತೆಗೆ ಚಿಗುರಲು ಶುರುವಾಗುವ ಕೆಲವು ವಾರ. ಅಲ್ಲಿಗೆ ನಾಲ್ಕು ತಿಂಗಳಾಯಿತು. ಅಷ್ಟರಲ್ಲಿ ಆ ಸ್ನಾಯು ಸ್ವಲ್ಪವೂ ಮಿಡುಕದಿದ್ದರೆ ಆಪರೇಷನ್ ಬಗ್ಗೆ ಯೋಚಿಸುತ್ತಾರೆ. ಇನ್ನೂ ಸುಮ್ನೆ ಕಾಯಲು ಆಗುವುದಿಲ್ಲ, ಯಾಕೆಂದರೆ ಸ್ನಾಯುವಿನ ಕಡೆಯಿಂದಲೂ ಒಂದು ಗಡುವಿದೆ. ನರವಿಲ್ಲದ ಸ್ನಾಯು ಸೊರಗುತ್ತಾ ಹೋಗಿ, 12ರಿಂದ 18 ತಿಂಗಳಾದ ಮೇಲೆ ಎಳೆ ಬಂದು ಮುಟ್ಟಿದರೂ ಏಳುವುದಿಲ್ಲ. ಕುತ್ತಿಗೆಯ ಬುಡದಲ್ಲಿ ನರಗಳು ಕಿತ್ತಿದ್ದರೆ ಅಲ್ಲಿಂದ ಅಂಗೈಯ ಸಣ್ಣ ಸ್ನಾಯುಗಳಿಗೆ ಸುಮಾರು 70 ಸೆಂಟಿಮೀಟರ್. 700 ದಿನ! ಹೊಲಿಗೆ ಎಷ್ಟೇ ಚೆನ್ನಾಗಿ ಬಿದ್ದರೂ ದೊಡ್ಡವರಲ್ಲಿ ಆ ಬೆರಳುಗಳ ಚಳಕ ವಾಪಸ್ ಬರುವುದು ಅಪರೂಪ. ಚರ್ಮದ ಸ್ಪರ್ಶಕ್ಕೆ ಇಷ್ಟು ಕಟ್ಟುನಿಟ್ಟಿನ ಗಡುವಿಲ್ಲ, ಅದು ತಡವಾಗಿಯೂ ಬರಬಹುದು.

ಎಳೆ ಎಲ್ಲಿಯ ತನಕ ಬಂದಿದೆ ಅಂತ ಬೆರಳಿನಲ್ಲೇ ನೋಡುವ ಒಂದು ಉಪಾಯ ಇದೆ. ನರದ ದಾರಿಯಲ್ಲಿ ಕೆಳಗಿನಿಂದ ಮೇಲಕ್ಕೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಾ ಬರುವುದು. ಚಿಗುರಿನ ತುದಿ ಇರುವ ಜಾಗ ಬಂದಾಗ ರೋಗಿಗೆ ಚರ್ಮದಲ್ಲಿ ಜುಮ್ ಅಂತ ಇರುವೆ ಹರಿದ ಹಾಗಾಗುತ್ತದೆ. ಆ ಜಾಗಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ತಿಂಗಳು ಬಿಟ್ಟು ಮತ್ತೆ ತಟ್ಟುತ್ತಾರೆ. ಜುಮ್ ಕೆಳಗೆ ಸರಿದಿದ್ದರೆ ಎಳೆ ಬೆಳೆಯುತ್ತಿದೆ. ಇದ್ದಲ್ಲೇ ಇದ್ದರೆ ಅಲ್ಲಿ ಗಂಟಾಗಿರಬಹುದು. ಇದಕ್ಕೆ ಟಿನೆಲ್ ಚಿಹ್ನೆ ಎಂದು ಹೆಸರು. ಫ್ರಾನ್ಸಿನ ಜೂಲ್ ಟಿನೆಲ್ ಮತ್ತು ಜರ್ಮನಿಯ ಪಾಲ್ ಹಾಫ್‌ಮನ್ ಇಬ್ಬರೂ 1915ರಲ್ಲೇ, ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು, ಯುದ್ಧದ ಎರಡು ಎದುರು ಪಾಳೆಯಗಳಲ್ಲಿ ಗಾಯಾಳುಗಳನ್ನು ನೋಡುತ್ತಾ ಇದನ್ನು ಬರೆದರು.

ಇನ್ನು ಈ ವಿಷಯದ ಅತಿ ವಿಚಿತ್ರ ಪ್ರಯೋಗ. ಲಂಡನ್ನಿನ ನರವೈದ್ಯ ಹೆನ್ರಿ ಹೆಡ್‌ಗೆ ರೋಗಿಗಳ ವಿವರಣೆ ಸಾಲುತ್ತಿರಲಿಲ್ಲ. ಹೇಗೆ ಅನ್ನಿಸುತ್ತದೆ ಎಂದು ಕೇಳಿದರೆ ಅವರು ಹೇಳುವುದು ನಿಖರವಾಗಿರುತ್ತಿರಲಿಲ್ಲ. ಆಸಾಮಿ ಏನು ಮಾಡಿದರು ಗೊತ್ತಾ? 1903ರ ಏಪ್ರಿಲಿನಲ್ಲಿ ತಮ್ಮದೇ ಎಡಗೈಯ ರೇಡಿಯಲ್ ನರದ ಸ್ಪರ್ಶದ ಶಾಖೆಯನ್ನು ಶಸ್ತ್ರವೈದ್ಯರಿಂದ ಕತ್ತರಿಸಿ ಹೊಲಿಸಿಕೊಂಡರು. ತಾವಾಗಿಯೇ ಮಾಡಿಸಿಕೊಂಡ ನ್ಯೂರೋಟ್ಮೆಸಿಸ್. ಆಮೇಲೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೇಂಬ್ರಿಜ್‌ಗೆ ಹೋಗಿಬಂದು, ಗೆಳೆಯ ಡಬ್ಲ್ಯು.ಎಚ್.ಆರ್. ರಿವರ್ಸ್ ಅವರ ಕೋಣೆಯಲ್ಲಿ ಕಣ್ಣುಮುಚ್ಚಿ ಕೂರುತ್ತಿದ್ದರು. ರಿವರ್ಸ್ ಹತ್ತಿ, ಸೂಜಿ, ಬಿಸಿ, ತಣ್ಣನೆಯ ವಸ್ತುಗಳನ್ನು ಕೈಗೆ ಮುಟ್ಟಿಸಿ ಬರೆದುಕೊಳ್ಳುತ್ತಿದ್ದರು. ಮೊದಲು ವಾಪಸ್ ಬಂದದ್ದು ಒರಟು ನೋವು. ಸೂಜಿ ಒಂದು ಕಡೆ ಚುಚ್ಚಿದರೆ ನೋವು ಸುತ್ತೆಲ್ಲ ಹರಡುತ್ತಿತ್ತು. ಹತ್ತಿಯ ನಯವಾದ ಸ್ಪರ್ಶ, ಇಂಥ ಜಾಗವೇ ಎಂದು ಬೆರಳಿಟ್ಟು ತೋರಿಸುವ ಶಕ್ತಿ ಬಹಳ ತಡವಾಗಿ ಬಂದವು. 1908ರಲ್ಲಿ ಇಬ್ಬರೂ ಸೇರಿ ಇದನ್ನು ಪ್ರಕಟಿಸಿದರು. ಒರಟು ಅನುಭವಕ್ಕೂ ನಯವಾದ ಸ್ಪರ್ಶಕ್ಕೂ ಬೇರೆ ಬೇರೆ ನರವ್ಯವಸ್ಥೆ ಇದೆ ಎಂದು ಇದರಿಂದ ಹೆಡ್ ಕಟ್ಟಿದ ಸಿದ್ಧಾಂತ ಉಳಿಯಲಿಲ್ಲ. ಮರುವರ್ಷವೇ ಟ್ರಾಟರ್ ಮತ್ತು ಡೇವಿಸ್ ಎಂಬಿಬ್ಬರು ತಮ್ಮ ಮೈಯ ನರಗಳನ್ನೇ ಕತ್ತರಿಸಿಕೊಂಡು ನೋಡಿ ಹಾಗಿಲ್ಲ ಎಂದರು. ಸಿದ್ಧಾಂತ ಹೋದರೂ ಹೆಡ್ ಬರೆದಿಟ್ಟ ವಿವರಗಳನ್ನು ಇವತ್ತಿಗೂ ಓದಬಹುದು.

ಮೂಳೆ ಮುರಿತಕ್ಕೆ ವಾಪಸ್ ಬರೋಣ. ತೋಳಿನ ಮೂಳೆಯ ನಡುಭಾಗ ಮುರಿದ 4,517 ಪ್ರಕರಣಗಳನ್ನು ಒಟ್ಟುಹಾಕಿದ 2005ರ ಒಂದು ವಿಮರ್ಶೆಯಲ್ಲಿ ಶೇ. 11.8ರಷ್ಟು ಮಂದಿಗೆ ರೇಡಿಯಲ್ ನರ ಕೆಲಸ ನಿಲ್ಲಿಸಿತ್ತು. ಸುಮ್ನೆ ಕಾದವರಲ್ಲಿ ಶೇ. 70ರಷ್ಟು ಮಂದಿಗೆ ತಾನಾಗಿಯೇ ವಾಪಸ್ ಬಂತು. ತಡವಾಗಿ ಆಪರೇಷನ್ ಆದವರನ್ನೂ ಸೇರಿಸಿದರೆ ಒಟ್ಟು ಶೇ. 88. ಮೊದಲೇ ಕೊಯ್ದು ನೋಡಿದವರಿಗೂ ಕಾದವರಿಗೂ ಕೊನೆಯ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ಚರ್ಮ ಒಡೆಯದ ಮುರಿತದಲ್ಲಿ ಮೊದಲು ಕಾಯುವುದೇ ವಾಡಿಕೆ. ಗಾಜು, ಚಾಕು ತಗುಲಿ ನರ ಕತ್ತರಿಸಿರುವ ಅನುಮಾನ ಇದ್ದರೆ ಮಾತ್ರ ಕಾಯುವುದು ತಪ್ಪು. ತುದಿಗಳು ಹಿಂದಕ್ಕೆ ಸರಿದು ಗಟ್ಟಿಯಾಗುವ ಮೊದಲೇ ಹೊಲಿಯಬೇಕು.

ಎರಡು ತುದಿಗಳನ್ನು ಎಳೆದು ಹೊಲಿದರೆ ಒಳಗೆ ಕಲೆ ಜಾಸ್ತಿಯಾಗುತ್ತದೆ. ನಡುವೆ ಅಂತರ ಇದ್ದರೆ ಬೇರೆ ನರದ ತುಂಡು ಇಡಬೇಕು, ಸಾಮಾನ್ಯವಾಗಿ ಮೀನಖಂಡದ ಹಿಂದಿನ ಸೂರಲ್ ನರ. ಅದನ್ನು ತೆಗೆದರೆ ಪಾದದ ಹೊರ ಅಂಚು ಮರಗಟ್ಟುತ್ತದೆ, ನಡೆಯಲು ತೊಂದರೆ ಇಲ್ಲ. ದೂರ ಜಾಸ್ತಿ ಇದ್ದಾಗ ಇನ್ನೊಂದು ದಾರಿ ಇದೆ. ಸ್ನಾಯುವಿನ ಪಕ್ಕದಲ್ಲೇ ಇರುವ ಗಟ್ಟಿ ನರದಿಂದ ಒಂದು ಸಣ್ಣ ಕಟ್ಟನ್ನು ಬಿಡಿಸಿ ಸತ್ತ ಶಾಖೆಗೆ ಜೋಡಿಸುವುದು. 1994ರಲ್ಲಿ ಫ್ರಾನ್ಸಿನ ಒಬೆರ್ಲಿನ್, ಕೈಬೆರಳಿಗೆ ಹೋಗುವ ಅಲ್ನಾರ್ ನರದ ಒಂದು ಕಟ್ಟನ್ನು ಹೀಗೆ ತೋಳಿನ ಬೈಸೆಪ್ಸ್ ಸ್ನಾಯುವಿಗೆ ಕೊಟ್ಟು ಮೊಣಕೈ ಮಡಚುವ ಹಾಗೆ ಮಾಡಿದ್ದನ್ನು ವರದಿ ಮಾಡಿದರು. ಕೈಯ ಕೆಲಸ ಹೆಚ್ಚುಕಡಿಮೆ ಕೆಡಲಿಲ್ಲ. ಗಡುವು ಮೀರಿಹೋಗಿದ್ದರೆ ನರದ ಆಸೆ ಬಿಟ್ಟು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಬದಲಿಸುತ್ತಾರೆ. ಮುಂಗೈ ತಿರುಗಿಸುವ ಸ್ನಾಯುವಿನ ತುದಿಯನ್ನು ಮಣಿಕಟ್ಟು ಎತ್ತುವ ಟೆಂಡನ್‌ಗೆ ಹೊಲಿದರೆ, ಅಭ್ಯಾಸ ಆದ ಮೇಲೆ ಕೈ ಏಳುತ್ತದೆ. ರೇಡಿಯಲ್ ನರದ ವಿಷಯದಲ್ಲಿ ಇದು ಹಳೆಯ, ನಂಬಿಕೆಯ ಆಪರೇಷನ್.

ಇಷ್ಟೆಲ್ಲ ತಿಳಿದಿದ್ದರೂ ಯಾವುದು ಯಾರಿಗೆ ಮೇಲು ಎಂಬ ಸಂಶೋಧನೆ ನಿಧಾನವಾಗಿದೆ. ಒಬ್ಬರ ಪೆಟ್ಟು ಇನ್ನೊಬ್ಬರ ಹಾಗಿರುವುದಿಲ್ಲ. ಒಂದೇ ನರದೊಳಗೆ ಮೂರೂ ದರ್ಜೆ ಬೆರೆತಿರಬಹುದು. ಫಲ ಗೊತ್ತಾಗಲು ವರ್ಷಗಳು ಬೇಕು. ಸ್ನಾಯುಬಲ ಅಳೆಯಲು ಈಗಲೂ ಬಳಸುವುದು ಯುದ್ಧಕಾಲದ 0ಯಿಂದ 5ರ ಅಂಕ. ಸ್ವಲ್ಪವೂ ಮಿಡುಕದಿದ್ದರೆ 0, ಬೇರೆ ಭಾರವಿಲ್ಲದೆ, ಭೂಮಿಯ ಸೆಳೆತದ ವಿರುದ್ಧ ತಾನಾಗಿ ಎತ್ತಿದರೆ 3. ಆದರೆ 4 ಅಂಕದೊಳಗೆ ಲೋಟ ಹಿಡಿಯುವವರೂ ಇರುತ್ತಾರೆ, ಚೀಲ ಹೊರುವವರೂ ಇರುತ್ತಾರೆ.

ಆಸೆ ಹುಟ್ಟಿಸಿರುವ ಒಂದು ಕೆಲಸ ಕೆನಡಾದ ಟೆಸ್ಸಾ ಗಾರ್ಡನ್ ಅವರದು. ಆಪರೇಷನ್ ಆದ ಕೂಡಲೇ ನರಕ್ಕೆ ಒಂದು ಗಂಟೆ ಕಾಲ, ಸೆಕೆಂಡಿಗೆ 20 ಬಾರಿ ಸಣ್ಣ ವಿದ್ಯುತ್ ಮಿಡಿತ ಕೊಡುವುದು. ಮೊದಲು ಇಲಿಗಳಲ್ಲಿ, 2010ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮಣಿಕಟ್ಟಿನ ನರ ಬಿಡಿಸಿಕೊಂಡ ರೋಗಿಗಳಲ್ಲಿ, ಎಳೆಗಳು ಬೇಗ ಸ್ನಾಯು ಮುಟ್ಟಿದ್ದು ಕಂಡಿತು. ಎಳೆ ಬೆಳೆಯುವ ವೇಗ ಇದರಿಂದ ಹೆಚ್ಚುವುದಿಲ್ಲ. ಹೊಲಿಗೆಯ ಜಾಗದಲ್ಲಿ ತಡಬಡಾಯಿಸಿ ನಿಲ್ಲುವ ಎಳೆಗಳು ಜಾಸ್ತಿ ಹೊತ್ತು ನಿಲ್ಲದೆ ದಾಟಿಬಿಡುತ್ತವೆ.