ಮಗ ಬರುವ ತನಕ: ಎಂಬಾಮಿಂಗ್‌ನ ಹಿಂದುಮುಂದು

ನಮ್ಮ ಮೆಡಿಕಲ್ ಕಾಲೇಜಿನ ಅನಾಟಮಿ (ಅಂಗರಚನಾಶಾಸ್ತ್ರ) ವಿಭಾಗಕ್ಕೆ ಹೊರಗಿನವರು ಫೋನ್ ಮಾಡುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ದೇಹದಾನದ ಫಾರಂ ಎಲ್ಲಿ ಸಿಗುತ್ತದೆ ಎಂದು ಕೇಳಲು. ಇನ್ನೊಂದು, ‘ಎಂಬಾಮಿಂಗ್ ಮಾಡಿಕೊಡ್ತೀರಾ ಸರ್?’ ಎಂದು ವಿಚಾರಿಸಲು. ಎಂಬಾಮಿಂಗ್ ಎಂದರೆ ಹೆಣ ಕೊಳೆಯದಂತೆ ಕಾಪಾಡಿ ಇಡುವ ಕೆಲಸ. ಎರಡನೆಯ ಥರದ ಫೋನ್ ಬಂದರೆ ನಾನು ಮೊದಲು ಕೇಳುವುದು ‘ಯಾರು ಬರಬೇಕಾಗಿದೆ?’ ಎಂದು. ಮಗ ಅಮೆರಿಕದಿಂದ ಹೊರಟಿದ್ದಾನೆ, ಮಗಳಿಗೆ ಇನ್ನೂ ಟಿಕೆಟ್ ಸಿಕ್ಕಿಲ್ಲ ಎನ್ನುತ್ತಾರೆ. ಕೆಲವು ಸಲ ಯಾರೂ ಬರಬೇಕಾಗಿರುವುದಿಲ್ಲ, ತೀರಿಕೊಂಡವರೇ ಹೋಗಬೇಕಾಗಿರುತ್ತದೆ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅಸ್ಸಾಮಿನ ಹುಡುಗನೊಬ್ಬ ತನ್ನ ಊರಿಗೆ ವಿಮಾನದಲ್ಲಿ ಹೋಗಬೇಕು. ಒಟ್ಟಿನಲ್ಲಿ ಸಾವಿಗೂ ಮಣ್ಣಿಗೂ ನಡುವೆ ದೂರ ಇದ್ದಾಗ ಮಾತ್ರ ನಮಗೆ ಕರೆ ಬರುತ್ತದೆ. ಎಂಬಾಮಿಂಗ್‌ನ ಚರಿತ್ರೆಯೂ, ಈಜಿಪ್ಟನ್ನು ಬಿಟ್ಟರೆ, ಬಹುಮಟ್ಟಿಗೆ ಈ ದೂರದ ಚರಿತ್ರೆಯೇ.

ನಮ್ಮ ಕಡೆಯ ಪದ್ಧತಿಗಳು ಬಹುಪಾಲು ಅವಸರದವು. ಸುಡುವವರಿರಲಿ, ಹೂಳುವವರಿರಲಿ, ಹೊತ್ತು ಮುಳುಗುವುದರೊಳಗೆ ಹೆಣ ಎತ್ತಬೇಕು. ಎತ್ತುವ ತನಕ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಮುಸ್ಲಿಮರಲ್ಲೂ ಅಷ್ಟೇ, ಗುಸ್ಲ್ (ಸ್ನಾನ) ಮಾಡಿಸಿ ಕಫನ್ (ಶವದ ಬಟ್ಟೆ) ಹೊದಿಸಿ ಆದಷ್ಟು ಬೇಗ ದಫನ್. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ಲಿಂಗೈಕ್ಯರಾದಾಗ ಲಕ್ಷಗಟ್ಟಲೆ ಜನ ದರ್ಶನಕ್ಕೆ ಬಂದರು, ಆದರೂ ಕ್ರಿಯಾಸಮಾಧಿ ಮರುದಿನವೇ ನಡೆಯಿತು. ಇದಕ್ಕೆಲ್ಲ ಸೂತಕ, ಆತ್ಮ ಎಂದು ಹಿರಿಯರು ಕಾರಣ ಕೊಡುತ್ತಾರೆ. ಶವಾಗಾರದಲ್ಲಿ ಕೆಲಸ ಮಾಡಿದವರಿಗೆ ಇನ್ನೊಂದು ಕಾರಣವೂ ಕಾಣುತ್ತದೆ. ಉಸಿರು ನಿಂತ ಮೇಲೆ ಜೀವಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಬದುಕಿದ್ದಾಗ ಅಂಕೆಯಲ್ಲಿದ್ದ ಕರುಳಿನ ಬ್ಯಾಕ್ಟೀರಿಯಾಗಳಿಗೆ ಈಗ ತಡೆಯೇ ಇಲ್ಲ. ಹೊಟ್ಟೆಯ ಬಲಭಾಗದಲ್ಲಿ, ಸೊಂಟದ ಮೂಳೆಯ ಪಕ್ಕ, ದೊಡ್ಡಕರುಳು ಶುರುವಾಗುವಲ್ಲಿ ಮೊದಲು ಒಂದು ಹಸಿರು ಮಚ್ಚೆ ಮೂಡುತ್ತದೆ. ಚಳಿಗಾಲದಲ್ಲಿ ಅದಕ್ಕೆ ಒಂದೆರಡು ದಿನ ಬೇಕು. ಏಪ್ರಿಲ್ ತಿಂಗಳ ರಾಯಚೂರಿನಲ್ಲಾದರೆ ಅರ್ಧ ದಿನ ಸಾಕು. ಬಿಸಿಲಿನ ಸೀಮೆಯಲ್ಲಿ ಹುಟ್ಟಿದ ಪದ್ಧತಿಗಳಿಗೆ ಅವಸರ ಸಹಜವೇ.

ಎಲ್ಲ ಕಾಲದಲ್ಲೂ ಹೀಗೇ ಇತ್ತೆಂದಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ಕಬ್ಬಿಣಯುಗದ ಕಲ್ಮನೆಗಳು ಸಾಲುಸಾಲಾಗಿ ನಿಂತಿವೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಅಗೆಸಿದ ಕಲ್ಗೋರಿಗಳ ಒಳಗೆ ಇಡೀ ಅಸ್ಥಿಪಂಜರಗಳ ಬದಲು ಹಲವರ ಮೂಳೆ ತುಂಡುಗಳು ಒಟ್ಟಿಗೆ ಸಿಕ್ಕವು. ಅಂದರೆ ದೇಹವನ್ನು ಬೇರೆಲ್ಲೋ ಬಯಲಿಗಿಟ್ಟು, ಮಾಂಸ ಹೋದ ಮೇಲೆ ಮೂಳೆ ಆರಿಸಿ ತಂದು ಇಡುತ್ತಿದ್ದರು. ಅವರೂ ಕಾಯುತ್ತಿದ್ದರು, ಆದರೆ ದೇಹ ಕೆಡಲಿ ಎಂದು ಕಾಯುತ್ತಿದ್ದರು. ನನಗೆ ಇದು ಬಹಳ ಜಾಣತನದ ವ್ಯವಸ್ಥೆ ಎನಿಸುತ್ತದೆ, ಈಗ ಯಾರಿಗಾದರೂ ಸೂಚಿಸಿದರೆ ಏಟು ಬಿದ್ದೀತು.

ದೇಹ ಕೆಡದಂತೆ ಕಾಯುವ ಕಥೆ ನಮಗೆ ಗೊತ್ತಿರುವುದು ರಾಮಾಯಣದಿಂದ. ದಶರಥ ತೀರಿಕೊಂಡಾಗ ರಾಮ ಲಕ್ಷ್ಮಣರು ಕಾಡಿನಲ್ಲಿ, ಭರತ ಶತ್ರುಘ್ನರು ಕೇಕಯದಲ್ಲಿ. ಕೊಳ್ಳಿ ಇಡಲು ಒಬ್ಬ ಮಗನೂ ಇಲ್ಲ. ಮಂತ್ರಿಗಳು ಭರತನಿಗೆ ದೂತರನ್ನು ಅಟ್ಟಿ, ರಾಜನ ದೇಹವನ್ನು ಎಣ್ಣೆಯ ದೋಣಿಯಲ್ಲಿ ಮುಳುಗಿಸಿ ಇಡುತ್ತಾರೆ. ಎಣ್ಣೆ ಗಾಳಿಯನ್ನೂ ನೊಣವನ್ನೂ ತಡೆದೀತು, ಹೊಟ್ಟೆಯೊಳಗಿನ ಬ್ಯಾಕ್ಟೀರಿಯಾವನ್ನು ತಡೆಯಲಾರದು. ಹಾಗಾಗಿ ವಿಧಾನದ ಬಗ್ಗೆ ನನ್ನ ತಕರಾರಿದೆ, ಕಾರಣದ ಬಗ್ಗೆ ಇಲ್ಲ. ಇಂದಿಗೂ ನಮ್ಮ ಫೋನ್ ಬಡಿದುಕೊಳ್ಳುವುದು ಅದೇ ಕಾರಣಕ್ಕೆ.

ದೂರ ಹೋದವರು ದೂರದಲ್ಲೇ ಬೂದಿಯಾಗುತ್ತಿದ್ದದ್ದು ತೀರಾ ಹಳೆಯ ಕಾಲದ ಮಾತಲ್ಲ. ಕೊಲ್ಹಾಪುರದ ಅರಸ ರಾಜಾರಾಮ್ ಇಂಗ್ಲೆಂಡಿನಿಂದ ಮರಳುವಾಗ 1870ರ ನವೆಂಬರ್ 30ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ತೀರಿಕೊಂಡರು. ವಯಸ್ಸು 20. ಹೆಣ ಸುಡುವ ರೂಢಿಯೇ ಇಲ್ಲದ ಊರಿನಲ್ಲಿ ವಿಶೇಷ ಅನುಮತಿ ಪಡೆದು ಆರ್ನೋ ನದಿಯ ದಂಡೆಯಲ್ಲಿ ರಾತ್ರಿ ಚಿತೆ ಹಚ್ಚಿದರು. ಆ ಜಾಗದಲ್ಲಿ ಅವರ ಸ್ಮಾರಕ ಇದೆ, ಹತ್ತಿರದ ಸೇತುವೆಯನ್ನು ಇಂದಿಗೂ ‘ಭಾರತೀಯನ ಸೇತುವೆ’ ಎಂದೇ ಕರೆಯುತ್ತಾರೆ. ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರ್ 1894ರ ಡಿಸೆಂಬರ್ 28ರಂದು ಡಿಫ್ತೀರಿಯಾದಿಂದ ಕಲ್ಕತ್ತೆಯಲ್ಲಿ ತೀರಿಕೊಂಡಾಗಲೂ ಅಂತ್ಯಕ್ರಿಯೆ ಅಲ್ಲಿಯೇ ಆಯಿತು. ಮಹಾರಾಜರಿಗೇ ಹೀಗಾದರೆ ಉಳಿದವರ ಪಾಡು ಹೇಳಬೇಕಿಲ್ಲ.

ಈಜಿಪ್ಟಿನ ಲೆಕ್ಕ ಬೇರೆ. ಅವರಿಗೆ ಕಾಯಬೇಕಾದ ಮಗನೇನೂ ಇರಲಿಲ್ಲ, ದೇಹ ಪರಲೋಕದಲ್ಲೂ ಬೇಕಿತ್ತು. ಅವರ ಕೆಲಸದ ತಿರುಳು ಮಂಗಳೂರಿನ ಕಡಲ ದಂಡೆಯಲ್ಲಿ ಒಣಮೀನು ಮಾಡುವ ಕ್ರಮವೇ: ಹೊಟ್ಟೆ ಸೀಳಿ ಒಳಗಿನದನ್ನು ತೆಗೆ, ಉಪ್ಪು ತುಂಬು, ನೀರೆಲ್ಲ ಹೋಗಲಿ. ನೇಟ್ರಾನ್ ಎಂಬ ಸೋಡಾ ಉಪ್ಪು ಮರುಭೂಮಿಯ ಕೆರೆಗಳಲ್ಲಿ ಸಿಗುತ್ತಿತ್ತು. ಒಣಗಲು ಸುಮಾರು 40 ದಿನ, ಬಟ್ಟೆ ಸುತ್ತಿ ಮುಗಿಯುವಾಗ 70 ದಿನ. ಮಿದುಳನ್ನು ಮೂಗಿನಿಂದ ಎಳೆದು ಬಿಸಾಕುತ್ತಿದ್ದರು. ಯೋಚನೆಯೆಲ್ಲ ಹೃದಯದ್ದು ಎಂಬ ನಂಬಿಕೆಯಿಂದ ಅದನ್ನು ಮಾತ್ರ ಒಳಗೇ ಬಿಡುತ್ತಿದ್ದರು. ಶ್ರೀಮಂತರಿಗೊಂದು, ಮಧ್ಯಮದವರಿಗೊಂದು, ಬಡವರಿಗೊಂದು ಎಂದು ಮೂರು ದರ್ಜೆಯ ಕೆಲಸ ಇತ್ತೆಂದು ಗ್ರೀಸಿನ ಹೆರೊಡೊಟಸ್ ಬರೆದಿದ್ದಾನೆ. ಮಮ್ಮಿ ಎಂದರೆ ಎಲ್ಲರೂ ಈಜಿಪ್ಟ್ ಎನ್ನುತ್ತಾರೆ. ಆದರೆ ಚಿಲಿ ದೇಶದ ಚಿಂಚೊರೊ ಜನ ಅದಕ್ಕಿಂತ ಮುಂಚೆಯೇ, ಸುಮಾರು 7,000 ವರ್ಷಗಳ ಹಿಂದೆ, ತಮ್ಮ ಮೀನುಗಾರ ಸಮುದಾಯದ ಎಳೆಮಕ್ಕಳನ್ನೂ ಮಮ್ಮಿ ಮಾಡುತ್ತಿದ್ದರು. ರಾಜರು, ದರ್ಜೆಗಳು ಅಲ್ಲಿರಲಿಲ್ಲ.

ರಕ್ತನಾಳದ ಮೂಲಕ ದ್ರವ ಹಾಯಿಸುವ ಈಗಿನ ವಿಧಾನ ಬಂದದ್ದು ನಮ್ಮಂಥ ಅನಾಟಮಿಯವರಿಂದ. ಪಾಠಕ್ಕೆ ಬೇಕಾದ ದೇಹಗಳು ಕೊಳೆಯುತ್ತಿದ್ದವು, ಅದೇ ಅವರ ತಲೆನೋವು. ಹಾಲೆಂಡಿನ ಫ್ರೆಡರಿಕ್ ರೂಯ್ಶ್ ಸಿದ್ಧಪಡಿಸಿದ ಮಾದರಿಗಳನ್ನು ರಷ್ಯಾದ ಚಕ್ರವರ್ತಿ ಪೀಟರ್ 1717ರಲ್ಲಿ ಕೊಂಡುಕೊಂಡ. ಲಂಡನ್ನಿನ ವಿಲಿಯಂ ಹಂಟರ್ 18ನೇ ಶತಮಾನದಲ್ಲಿ ಅಪಧಮನಿಯ (ಹೃದಯದಿಂದ ರಕ್ತ ಒಯ್ಯುವ ನಾಳದ) ವಿಧಾನವನ್ನು ಪಳಗಿಸಿದ. 1775ರಲ್ಲಿ ಹಂಟರ್ ಜತೆ ಸೇರಿ ಮಾರ್ಟಿನ್ ವ್ಯಾನ್ ಬುಚೆಲ್ ಎಂಬ ದಂತವೈದ್ಯ ತನ್ನ ಹೆಂಡತಿಯ ದೇಹಕ್ಕೆ ಎಂಬಾಮಿಂಗ್ ಮಾಡಿಸಿ ಮನೆಯಲ್ಲೇ ಪ್ರದರ್ಶನಕ್ಕಿಟ್ಟ. ಜನ ನೋಡಲು ಬಂದರು. ಆಮೇಲೆ ಅವನು ಇನ್ನೊಂದು ಮದುವೆಯಾದ, ಹೊಸ ಹೆಂಡತಿಗೆ ಆ ಪ್ರದರ್ಶನ ಹಿಡಿಸಲಿಲ್ಲ.

ಇದು ದಂಧೆಯಾಗಿದ್ದು ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ 1865ರ ನಡುವೆ. ಉತ್ತರದ ಹುಡುಗರು ದಕ್ಷಿಣದ ಕಾಳಗಗಳಲ್ಲಿ ಸಾಯುತ್ತಿದ್ದರು, ರೈಲು ಆಗಲೇ ಬಂದಿತ್ತು, ದೇಹ ಮನೆಗೆ ಬರಲಿ ಎಂದು ತಂದೆತಾಯಿ ಹಂಬಲಿಸುತ್ತಿದ್ದರು. ಥಾಮಸ್ ಹೋಮ್ಸ್ ಎಂಬಾತ ತಾನೊಬ್ಬನೇ 4,000ಕ್ಕೂ ಹೆಚ್ಚು ದೇಹಗಳಿಗೆ ತಲಾ 100 ಡಾಲರ್ ಪಡೆದು ಈ ಕೆಲಸ ಮಾಡಿದ್ದಾಗಿ ಹೇಳಿಕೊಂಡ. ಸೈನ್ಯದ ಬೆನ್ನಿಗೆ ಡೇರೆ ಹಾಕಿದವರಲ್ಲಿ ಕೆಲಸ ಗೊತ್ತಿದ್ದವರೂ ಇದ್ದರು, ದುಡ್ಡು ಕೊಡದಿದ್ದರೆ ದೇಹ ಕೊಡುವುದಿಲ್ಲ ಎನ್ನುವವರೂ ಇದ್ದರು. ಕೊನೆಗೆ 1865ರ ಮಾರ್ಚ್‌ನಲ್ಲಿ ಸೈನ್ಯ ಪರವಾನಗಿ ಕಡ್ಡಾಯ ಮಾಡಿತು. ಮರುತಿಂಗಳೇ ಅಧ್ಯಕ್ಷ ಲಿಂಕನ್ ಹತರಾದರು. ಏಪ್ರಿಲ್ 21ರಂದು ವಾಷಿಂಗ್ಟನ್ ಬಿಟ್ಟ ಶವದ ರೈಲು ಊರೂರು ಸುತ್ತಿ ಸ್ಪ್ರಿಂಗ್‌ಫೀಲ್ಡ್ ಮುಟ್ಟಿದ್ದು ಮೇ 3ಕ್ಕೆ. ದಾರಿಯಲ್ಲಿ ಮುಖ ಕಪ್ಪಿಟ್ಟು ಬಣ್ಣ ಬಳಿಯಬೇಕಾಯಿತು. ಆದರೂ ಇಷ್ಟು ದಿನ ದೇಹ ಉಳಿಯಬಲ್ಲದು ಎಂಬುದನ್ನು ಲಕ್ಷಾಂತರ ಅಮೆರಿಕನ್ನರು ಕಣ್ಣಾರೆ ಕಂಡರು.

ಆ ಕಾಲದ ದ್ರವಗಳಲ್ಲಿ ಆರ್ಸೆನಿಕ್ (ಪಾಷಾಣ), ಪಾದರಸದ ಲವಣ ಇರುತ್ತಿದ್ದವು. ಇಲ್ಲೊಂದು ಎಡವಟ್ಟು. ಗಂಡನಿಗೆ ಪಾಷಾಣ ಹಾಕಿ ಕೊಂದು ಆಮೇಲೆ ಎಂಬಾಮಿಂಗ್ ಮಾಡಿಸಿಬಿಟ್ಟರೆ, ದೇಹದಲ್ಲಿ ಸಿಕ್ಕ ಆರ್ಸೆನಿಕ್ ಯಾರದೆಂದು ಹೇಳುವುದು? ಫ್ರಾನ್ಸ್ 1846ರಲ್ಲೇ ಎಂಬಾಮಿಂಗ್‌ಗೆ ಆರ್ಸೆನಿಕ್ ಬಳಸುವುದನ್ನು ನಿಷೇಧಿಸಿತು. ಬದಲಿ ವಸ್ತು ಬಂದದ್ದು 1893ರ ಸುಮಾರಿಗೆ, ಅದೂ ಅಕಸ್ಮಾತ್ತಾಗಿ. ಜರ್ಮನಿಯ ಫರ್ಡಿನಾಂಡ್ ಬ್ಲೂಮ್ ಫಾರ್ಮಲ್ಡಿಹೈಡ್ ಕ್ರಿಮಿನಾಶಕವಾಗಬಲ್ಲದೇ ಎಂದು ಪರೀಕ್ಷಿಸುತ್ತಿದ್ದಾಗ ಅದು ತಾಗಿದ ತನ್ನ ಬೆರಳ ಚರ್ಮವೇ ಗಟ್ಟಿಯಾದದ್ದನ್ನು ಗಮನಿಸಿದ. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಹೆಣೆದುಕೊಂಡ ಪ್ರೋಟೀನು ಬ್ಯಾಕ್ಟೀರಿಯಾಕ್ಕೆ ಆಹಾರವಾಗುವುದಿಲ್ಲ, ಕಿಣ್ವಗಳೂ ಸುಮ್ಮನಾಗುತ್ತವೆ. ಫಾರ್ಮಲಿನ್ ಅನ್ನುವುದು ಇದರದೇ ಶೇ 37ರಿಂದ 40ರಷ್ಟಿರುವ ನೀರಿನ ದ್ರಾವಣ.

ನಾವು ಮಾಡುವುದೂ ಇದನ್ನೇ. ತೊಡೆಸಂದಿನಲ್ಲಿ, ಇಲ್ಲವೇ ಕತ್ತಿನ ಪಕ್ಕದಲ್ಲಿ ಸಣ್ಣ ಗಾಯ ಮಾಡಿ ಅಪಧಮನಿಯನ್ನು ಎತ್ತಿಕೊಳ್ಳುತ್ತೇವೆ. ಕ್ಯಾನುಲಾ ಎಂಬ ಸಣ್ಣ ಕೊಳವೆ ತೂರಿಸಿ ದಾರ ಕಟ್ಟಿ, ಎತ್ತರದಲ್ಲಿಟ್ಟ ಡ್ರಮ್ಮಿನಿಂದ ದ್ರವ ಇಳಿಬಿಡುತ್ತೇವೆ. ಪಂಪ್ ಇದೆ, ಆದರೆ ಒತ್ತಡ ಜಾಸ್ತಿಯಾದರೆ ಮುಖ ಊದಿಕೊಳ್ಳುತ್ತದೆ. ಮನೆಯವರು ಕೊನೆಗೆ ನೋಡುವುದು ಮುಖವನ್ನೇ. ದ್ರವದಲ್ಲಿ ಫಾರ್ಮಲಿನ್ ಜತೆ ಸ್ಪಿರಿಟ್, ಗ್ಲಿಸರಿನ್, ಸ್ವಲ್ಪ ಫೀನಾಲ್, ಬಣ್ಣಕ್ಕೆ ಚಿಟಿಕೆ ಇಯೋಸಿನ್ ಇರುತ್ತವೆ. ಗ್ಲಿಸರಿನ್ ಇಲ್ಲದಿದ್ದರೆ ತುಟಿ, ಬೆರಳ ತುದಿ ಒಣಗಿ ಸುಕ್ಕುಗಟ್ಟುತ್ತವೆ. ದೊಡ್ಡವರಿಗೆ 8ರಿಂದ 10 ಲೀಟರ್ ಹಿಡಿಸುತ್ತದೆ. ಎಲ್ಲ ಕಡೆ ತಲುಪಿತೇ ಎಂದು ತಿಳಿಯಲು ನಮ್ಮ ಹಳೆಯ ಅಟೆಂಡರ್ ಒಬ್ಬರು ಕಿವಿಯ ಹಾಲೆ ಹಿಂಡಿ ನೋಡುತ್ತಿದ್ದರು. ಹಾಲೆ ಬಿಗಿಯಾಗಿ, ಉಗುರಿನ ಕೆಳಗೆ ನಸುಗೆಂಪು ಬಂದರೆ ‘ಹಿಡೀತು ಸರ್’ ಎನ್ನುತ್ತಿದ್ದರು. ನಾನೂ ಅದನ್ನೇ ಮಾಡುತ್ತೇನೆ, ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿಕೊಡುತ್ತೇನೆ.

ಗೊತ್ತಿರಬೇಕಾದ ಒಂದು ಸಂಗತಿ ಇದೆ, ಕೇಳದೆ ಯಾರೂ ಹೇಳುವುದಿಲ್ಲ. ಎಂಬಾಮಿಂಗ್ ಆದ ದೇಹ ಯಾವ ಭಂಗಿಯಲ್ಲಿತ್ತೋ ಅದೇ ಭಂಗಿಯಲ್ಲಿ ಗಟ್ಟಿಯಾಗುತ್ತದೆ. ಸತ್ತ ಕೆಲವು ಗಂಟೆಗಳಲ್ಲಿ ಬರುವ ಮರಣಕಾಠಿಣ್ಯ ತಾನಾಗಿ ಸಡಿಲುತ್ತದೆ, ಇದು ಸಡಿಲುವುದಿಲ್ಲ. ಲಿಂಗಾಯತರಲ್ಲಿ ದೇಹವನ್ನು ಕೂರಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು, ವಿಭೂತಿ ತುಂಬಿ ಸಮಾಧಿ ಮಾಡುವ ಕ್ರಮ. ಊರಿನಲ್ಲಾದರೆ ಸೆಟೆದುಕೊಳ್ಳುವ ಮೊದಲೇ ಗೋಡೆಗೆ ಒರಗಿಸಿ ಕಾಲು ಮಡಚಿ ಕಟ್ಟಿಬಿಡುತ್ತಾರೆ. ಆಸ್ಪತ್ರೆಯಲ್ಲಿ ಸತ್ತವರನ್ನು ಮಲಗಿಸಿಯೇ ಎಂಬಾಮಿಂಗ್ ಮಾಡಿ ಪೆಟ್ಟಿಗೆಗೆ ಹಾಕಿದರೆ, ಊರಿನಲ್ಲಿ ಗುಣಿಯ ಮುಂದೆ ನಿಂತವರು ಏನು ಮಾಡಬೇಕು? ಮಂಡಿ ಮಡಚದು, ಬಲ ಹಾಕಿದರೆ ಮುರಿಯುತ್ತದೆ. ಅದಕ್ಕೇ ನಾನು ಕತ್ತರಿ ಮುಟ್ಟುವ ಮೊದಲೇ ‘ಹೂಳ್ತೀರೋ ಸುಡ್ತೀರೋ, ಹೂಳೋದಾದರೆ ಕೂರಿಸಿಯೋ ಮಲಗಿಸಿಯೋ’ ಎಂದು ಕೇಳುತ್ತೇನೆ. ಆ ಹೊತ್ತಿನಲ್ಲಿ ಕೇಳಲು ಕಷ್ಟವೆನಿಸುತ್ತದೆ, ಆದರೂ ಕೇಳಲೇಬೇಕು. ರಸ್ತೆಯಲ್ಲಿ ಹೋಗುವ ದೇಹವಾದರೆ ಕಾಲು ಮಡಚಿಯೇ ಮಾಡಬಹುದು. ವಿಮಾನದ ಪೆಟ್ಟಿಗೆಯಲ್ಲಿ ಅದು ಆಗುವುದಿಲ್ಲ.

ಇನ್ನು, ನನಗೆ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಎಂಬಾಮಿಂಗ್ ಬೇಡದವು. ಆಂಬುಲೆನ್ಸಿನಲ್ಲಿ ಕಲಬುರಗಿಗೋ ಕಾರವಾರಕ್ಕೋ ಹೋಗುವುದಾದರೆ ಫ್ರೀಜರ್ ಬಾಕ್ಸ್ ಸಾಕು. ಮಗ ನಾಳಿದ್ದು ಬರುತ್ತಾನೆಂದರೆ ಮಾರ್ಚುರಿಯ ಕೋಲ್ಡ್ ಸ್ಟೋರೇಜ್ ಸಾಕು. ವಿಮಾನಕ್ಕೆ ಮಾತ್ರ ಎಂಬಾಮಿಂಗ್ ಸರ್ಟಿಫಿಕೇಟ್ ಬೇಕೇ ಬೇಕು, ಪೆಟ್ಟಿಗೆಯನ್ನು ಸೀಲ್ ಮಾಡಿರಬೇಕು, ಮರಣದ ದಾಖಲೆ ಮತ್ತು ಪೊಲೀಸರ ಎನ್‌ಒಸಿ ಜತೆಗಿರಬೇಕು. ರೋಗ ಹರಡಬಾರದೆಂದು ಎಂಬಾಮಿಂಗ್ ಮಾಡಿಸಿ ಎನ್ನುವ ಸಲಹೆಯೂ ಓಡಾಡುತ್ತದೆ. ಸಾಮಾನ್ಯ ಸಾವಿನಲ್ಲಿ ದೇಹದಿಂದ ಅಂಥ ಅಪಾಯವಿಲ್ಲ. ಫಾರ್ಮಲ್ಡಿಹೈಡ್ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿದೆ, ಕಣ್ಣುರಿಯೊಂದಿಗೆ ಅದನ್ನು ಉಸಿರಾಡುವವರು ನಾವು ಮತ್ತು ನಮ್ಮ ಅಟೆಂಡರುಗಳು. ಬೇಡದ ಕಡೆ ಬೇಡ ಎನ್ನಲು ನನಗೆ ಸ್ವಾರ್ಥವೂ ಇದೆ ಎಂದಿಟ್ಟುಕೊಳ್ಳಿ.

ಕೆಲವು ಸಲ ಮನೆಯವರು ಎಷ್ಟೇ ಅಂಗಲಾಚಿದರೂ ನಾವು ಒಪ್ಪುವುದಿಲ್ಲ. ಅಪಘಾತ, ವಿಷ, ನೇಣು, ಸುಟ್ಟಗಾಯ, ಅನುಮಾನದ ಸಾವು ಯಾವುದೇ ಇರಲಿ, ಪೋಸ್ಟ್‌ಮಾರ್ಟಂ ಆಗದೆ ಒಂದು ಹನಿ ದ್ರವವೂ ಒಳಗೆ ಹೋಗಕೂಡದು. ಆರ್ಸೆನಿಕ್ ಇಲ್ಲದಿದ್ದರೂ ಫಾರ್ಮಲಿನ್ ಕೆಲವು ವಿಷಗಳ ಪತ್ತೆಯನ್ನು ಕೆಡಿಸುತ್ತದೆ, ದ್ರವದಲ್ಲಿನ ಸ್ಪಿರಿಟ್‌ನಿಂದ ಮದ್ಯದ ಪರೀಕ್ಷೆಯೂ ಕೆಡುತ್ತದೆ, ಡಿಎನ್‌ಎ ತೆಗೆಯುವುದು ಕಷ್ಟವಾಗುತ್ತದೆ. ಗೊತ್ತಿದ್ದೂ ಮಾಡಿದರೆ ಸಾಕ್ಷ್ಯನಾಶದ ಆರೋಪ ಬರುತ್ತದೆ. ಹಿಂದೆ ಐಪಿಸಿ 201, ಈಗ ಭಾರತೀಯ ನ್ಯಾಯ ಸಂಹಿತೆಯ 238. ನಟಿ ಶ್ರೀದೇವಿ 2018ರ ಫೆಬ್ರವರಿ 24ರಂದು ದುಬೈಯಲ್ಲಿ ತೀರಿಕೊಂಡಾಗ ದೇಹ ಮುಂಬೈ ತಲುಪಲು 27ರ ರಾತ್ರಿಯಾಯಿತು. ಟಿವಿಯವರು ಅದರಲ್ಲಿ ಏನೇನೋ ಹುಡುಕಿದರು. ಅಲ್ಲಿನ ಪ್ರಾಸಿಕ್ಯೂಷನ್ ಅನುಮತಿ ಕೊಡುವ ತನಕ ಎಂಬಾಮಿಂಗ್ ನಡೆಯುವಂತಿರಲಿಲ್ಲ, ತಡವಾದದ್ದು ಅದಕ್ಕೆ. ನಮ್ಮಲ್ಲಾಗಿದ್ದರೂ ತಡವಾಗಲೇಬೇಕಿತ್ತು.

ದೇಹದಾನಕ್ಕೆ ಬರೆದುಕೊಟ್ಟವರ ಮನೆಯವರು ಹೊರಗೆಲ್ಲೂ ಎಂಬಾಮಿಂಗ್ ಮಾಡಿಸಬೇಡಿ, ನೇರ ಕಾಲೇಜಿಗೆ ಫೋನ್ ಮಾಡಿ. ಪ್ರಯಾಣಕ್ಕೆ ಮಾಡುವ ಹಗುರವಾದ ಕೆಲಸ ವರ್ಷಗಟ್ಟಲೆ ಪಾಠಕ್ಕೆ ಸಾಲದು. ಕಣ್ಣುದಾನವೂ ಇದ್ದರೆ ಮೊದಲು ಕಣ್ಣಿನ ಬ್ಯಾಂಕಿನವರು, ಆಮೇಲೆ ನಾವು, ಏಕೆಂದರೆ ಅವರ ಕೆಲಸ 6 ಗಂಟೆಯೊಳಗೆ ಆಗಬೇಕು ಮತ್ತು ಫಾರ್ಮಲಿನ್ ಹೋದ ಮೇಲೆ ಕಾರ್ನಿಯಾ ಉಪಯೋಗಕ್ಕೆ ಬಾರದು. ಅವರು ಬರುವಷ್ಟರಲ್ಲಿ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ಒಂದು ದಿಂಬು ಕೊಡಿ.