ಪೇವರ್ ಹಾಸುವ ಮುನ್ನ ನೆಲದೊಳಗಿನ ನೀರಿನ ಲೆಕ್ಕ

ಕೊಡಗಿನ ಮನೆಯಂಗಳಗಳಲ್ಲಿ, ಹೋಂಸ್ಟೇಗಳ ವಾಹನ ನಿಲುಗಡೆಗಳಲ್ಲಿ, ಕಾಫಿ ಕಣಕ್ಕೆ ಹೋಗುವ ದಾರಿಗಳಲ್ಲಿ ಈಗ ಇಂಟರ್‌ಲಾಕ್ ಪೇವರ್‌ಗಳು, ಅಂದರೆ ಒಂದಕ್ಕೊಂದು ಹೊಂದಿಸಿ ಹಾಸುವ ಕಾಂಕ್ರೀಟ್ ಬಿಲ್ಲೆಗಳು, ಸಾಮಾನ್ಯ ನೋಟ. ಬೇಸಿಗೆಯಲ್ಲಿ ಹಾಸಿದಾಗ ಒಂದಿಷ್ಟೂ ಏರುತಗ್ಗಿಲ್ಲದ ಅಂಗಳವನ್ನು ಜುಲೈ-ಆಗಸ್ಟ್‌ನ ಕಕ್ಕಡದ ಮಳೆ ಕಳೆದು ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ನೋಡಿದರೆ, ಕಾರಿನ ಚಕ್ರ ಹರಿಯುವ ಎರಡು ಸಾಲುಗಳು ತಗ್ಗಾಗಿರುತ್ತವೆ, ಅಂಚಿನ ಬಿಲ್ಲೆಗಳು ಹೊರಕ್ಕೆ ಸರಿದಿರುತ್ತವೆ, ಕಾಲಿಟ್ಟಲ್ಲಿ ಸಂದಿನಿಂದ ಕೆಸರುನೀರು ಚಿಮ್ಮುತ್ತದೆ. ಬಿಲ್ಲೆಯ ಗುಣಮಟ್ಟ ಸರಿಯಿಲ್ಲ ಎಂಬ ದೂರು ಆಗ ಕೇಳಿಬರುತ್ತದೆ. ಆದರೆ ಇಂಥ ಅಂಗಳದಲ್ಲಿ ಒಡೆದ ಬಿಲ್ಲೆ ಹುಡುಕಿದರೂ ಸಿಗುವುದು ಅಪರೂಪ.

ತಗ್ಗಾದ ಜಾಗದಲ್ಲಿ ನಾಲ್ಕು ಬಿಲ್ಲೆಗಳನ್ನು ಎತ್ತಿ ನೋಡಿದರೆ ನಡೆದದ್ದು ತಿಳಿಯುತ್ತದೆ. ಅಡಿಯ ಮರಳಿನಲ್ಲಿ ಕೆಂಪು ಮಣ್ಣಿನ ನುಣುಪು ಅಂಟು ಸೇರಿರುತ್ತದೆ. ಮರಳನ್ನು ಕೆರೆದರೆ ಜಲ್ಲಿ ತನ್ನ ಜಾಗದಲ್ಲಿ ಇರುವುದಿಲ್ಲ; ಅರ್ಧದಷ್ಟು ಕೆಳಗಿನ ಮಣ್ಣಿಗೆ ಇಳಿದಿರುತ್ತದೆ, ಅದರ ಸಂದುಗಳಿಗೆ ಮಣ್ಣು ಮೇಲೇರಿ ಬಂದಿರುತ್ತದೆ. ಜಲ್ಲಿಯೇ ಹಾಕದೆ, ಮಣ್ಣಿನ ಮೇಲೆ ನೇರವಾಗಿ ಕ್ರಷರ್ ಪುಡಿ ಹರಡಿ ಬಿಲ್ಲೆ ಕೂರಿಸಿದ ಅಂಗಳಗಳೂ ಕಡಿಮೆಯಿಲ್ಲ.

ಕಾರಿನ ಒಂದು ಚಕ್ರದ ಮೇಲೆ ಸುಮಾರು 400 ಕಿಲೋಗ್ರಾಂ ಭಾರವಿದೆ ಎಂದಿಟ್ಟುಕೊಳ್ಳೋಣ. ಟಯರಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 2.2 ಕಿಲೋ ಇದ್ದರೆ, ಆ ಚಕ್ರ ನೆಲವನ್ನು ಮುಟ್ಟುವ ಜಾಗ 12 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ ಮಾತ್ರ. ಭಾರ ಕೆಳಕ್ಕೆ ಇಳಿದಂತೆಲ್ಲ ಸುತ್ತಲೂ ಹರಡುತ್ತದೆ. ಎರಡು ಪಾಲು ಆಳಕ್ಕೆ ಪ್ರತಿ ಬದಿಗೆ ಒಂದು ಪಾಲಿನಂತೆ ಹರಡುತ್ತದೆ ಎಂಬ ಸರಳ ಅಂದಾಜನ್ನು ಎಂಜಿನಿಯರುಗಳು ಬಳಸುತ್ತಾರೆ. ಬಿಲ್ಲೆ ಮತ್ತು ಮರಳು ಸೇರಿ 10 ಸೆಂಟಿಮೀಟರ್ ಮಾತ್ರ ಇದ್ದರೆ, ಈ ಲೆಕ್ಕದಲ್ಲಿ ಮಣ್ಣಿನ ಮೇಲೆ ಬೀಳುವ ಒತ್ತಡ ಚದರ ಸೆಂಟಿಮೀಟರಿಗೆ 0.7 ಕಿಲೋ ಮೀರುತ್ತದೆ. ಅದೇ ಬಿಲ್ಲೆಯ ಕೆಳಗೆ 20 ಸೆಂಟಿಮೀಟರ್ ಗಟ್ಟಿ ಜಲ್ಲಿ ಹಾಸಿ ಒಟ್ಟು ಆಳವನ್ನು 30 ಸೆಂಟಿಮೀಟರಿಗೆ ತಂದರೆ ಒತ್ತಡ 0.2 ಕಿಲೋ ಆಸುಪಾಸಿಗೆ ಇಳಿಯುತ್ತದೆ, ಅಂದರೆ ಮಣ್ಣಿನ ಹೊರೆ ಮೂರೂವರೆ ಪಟ್ಟು ಕಡಿಮೆಯಾಗುತ್ತದೆ. ಜಲ್ಲಿಯ ಹಾಸು ಮಾಡುವ ಮೊದಲ ಕೆಲಸ ಇದು.

ಒಣಗಿದ ಮಣ್ಣು 0.7 ಕಿಲೋ ಒತ್ತಡವನ್ನೂ ಹೊರುತ್ತದೆ, ಅದಕ್ಕೇ ಮಾರ್ಚ್ ತಿಂಗಳಲ್ಲಿ ಎಲ್ಲ ಅಂಗಳವೂ ಚೆನ್ನಾಗಿ ಕಾಣುತ್ತದೆ. ಮಣ್ಣಿನ ಬಲ ಇರುವುದು ಕಣಕ್ಕೆ ಕಣ ಒತ್ತಿ ನಿಲ್ಲುವುದರಲ್ಲಿ, ಆ ಒತ್ತಿನಿಂದ ಹುಟ್ಟುವ ಘರ್ಷಣೆಯಲ್ಲಿ. ಕಣಗಳ ನಡುವಿನ ತೆರಪೆಲ್ಲ ನೀರಿನಿಂದ ತುಂಬಿದಾಗ ಮೇಲಿನ ಭಾರದ ಒಂದು ಪಾಲನ್ನು ನೀರೇ ಹೊರತೊಡಗುತ್ತದೆ. ನೀರಿಗೆ ಘರ್ಷಣೆಯ ಬಲವಿಲ್ಲ. ಅದು ಹೊತ್ತಷ್ಟು ಭಾರ ಕಣಗಳ ಒತ್ತಿನಿಂದ ಕಳೆದುಹೋಗುತ್ತದೆ, ಮಣ್ಣು ಮೆತ್ತಗಾಗಿ ಪಕ್ಕಕ್ಕೆ ಸರಿಯುತ್ತದೆ. ಎಂಜಿನಿಯರ್ ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ಈ ಸಂಬಂಧವನ್ನು ಸ್ಪಷ್ಟಪಡಿಸಿದ ಮೇಲೆಯೇ ಮಣ್ಣಿನ ಯಂತ್ರಶಾಸ್ತ್ರ ಒಂದು ವಿಜ್ಞಾನವಾಗಿ ನೆಲೆಗೊಂಡಿತು. ರಸ್ತೆಯ ಮಣ್ಣಿನ ಬಲವನ್ನು ಅಳೆಯುವ ಸಿಬಿಆರ್ ಪರೀಕ್ಷೆಯಲ್ಲಿ ಮಾದರಿಯನ್ನು ನಾಲ್ಕು ದಿನ ನೀರಿನಲ್ಲಿ ನೆನೆಸಿದ ನಂತರವೇ ಅಳೆಯುವ ರೂಢಿ ಬಂದದ್ದೂ ಇದೇ ಕಾರಣಕ್ಕೆ.

ಕೊಡಗಿಗೆ ಇದರ ಅರ್ಥ ಬಹಳ ನೇರವಾದದ್ದು. ಪೇವರ್ ಹಾಸುವ ವಿಧಾನವನ್ನು ತೋರಿಸುವ ಯುರೋಪು, ಅಮೆರಿಕದ ವಿಡಿಯೊಗಳಲ್ಲಿ ನೆಲವನ್ನು ಆಳವಾಗಿ ಅಗೆಯಲು ಮುಖ್ಯ ಕಾರಣ ಹಿಮ. ಚಳಿಗಾಲದಲ್ಲಿ ನೆಲದೊಳಗಿನ ನೀರು ಹೆಪ್ಪುಗಟ್ಟಿ ಹಿಗ್ಗಿ ಬಿಲ್ಲೆಗಳನ್ನು ಮೇಲಕ್ಕೆತ್ತುತ್ತದೆ. ನಮ್ಮಲ್ಲಿ ಆ ತೊಂದರೆಯಿಲ್ಲ, ಆದರೆ ತಿಂಗಳುಗಟ್ಟಲೆ ನೆನೆದೇ ಇರುವ ನೆಲವಿದೆ. ಕುಶಾಲನಗರದ ಕಡೆ ವರ್ಷಕ್ಕೆ 1,000 ಮಿ.ಮೀ. ಆಸುಪಾಸಿನ ಮಳೆಯಾದರೆ ಮಡಿಕೇರಿಯಲ್ಲಿ ಅದು 3,000 ಮಿ.ಮೀ. ಮೀರುತ್ತದೆ, ಭಾಗಮಂಡಲ, ತಲಕಾವೇರಿಯ ಕಡೆ 5,000 ದಾಟುವ ವರ್ಷಗಳೂ ಇವೆ. ಆದ್ದರಿಂದ ಕುಶಾಲನಗರದಲ್ಲಿ ಗಟ್ಟಿಯಾಗಿ ನಿಂತ ಅಂಗಳದ ಅಳತೆಯನ್ನೇ ಭಾಗಮಂಡಲಕ್ಕೆ ಒಯ್ಯುವುದು ಸರಿಯಲ್ಲ. ಮಣ್ಣೂ ಒಂದೇ ತೆರನಾಗಿಲ್ಲ. ಏರಿನ ಮೇಲಿನ ಕೆಂಪು ಮಣ್ಣು ಹೆಚ್ಚು ಹಿಗ್ಗಿ ಕುಗ್ಗುವ ಜಾತಿಯದಲ್ಲ, ಚೆನ್ನಾಗಿ ದಮ್ಮಸು ಮಾಡಿದರೆ ನಂಬಬಹುದು. ಗದ್ದೆಯನ್ನು ತುಂಬಿಸಿ ಮಾಡಿದ ನಿವೇಶನದಲ್ಲಿ ಮಾತ್ರ ಕೆಳಗೆ ಜಿಗುಟಾದ, ಸದಾ ತೇವವಾಗಿರುವ ಜೇಡಿ ಇರುತ್ತದೆ. ಅಲ್ಲಿ ಜಲ್ಲಿಯ ದಪ್ಪ ಹೆಚ್ಚಿಸದೆ ಬೇರೆ ದಾರಿಯಿಲ್ಲ.

ಅಗೆಯುವಾಗ ಮೊದಲು ಹೋಗಬೇಕಾದದ್ದು ಮೇಲಿನ ಕಪ್ಪು ಮಣ್ಣು. ತೋಟದ ನೆರಳುಮರಗಳ ತರಗೆಲೆ ಕೊಳೆತು ಆದ ಈ ಪದರ ಕಾಫಿಗೆ ಚಿನ್ನ, ಪೇವರ್‌ಗೆ ಕೇಡು. ಅದರಲ್ಲಿರುವ ಸಾವಯವ ಅಂಶ ಕೊಳೆಯುತ್ತಲೇ ಇರುತ್ತದೆ, ಹಾಗಾಗಿ ಎಷ್ಟು ಬಡಿದರೂ ಮುಂದೆ ಕುಗ್ಗುತ್ತದೆ. ಅದನ್ನು ಬೇರೆ ರಾಶಿ ಹಾಕಿ ನರ್ಸರಿ ಚೀಲಗಳಿಗೆ ಬಳಸಿಕೊಳ್ಳಬಹುದು. ಹಳೆಯ ಮರದ ಬುಡ ಉಳಿದಿದ್ದರೆ ಬೇರುಸಮೇತ ಕೀಳಬೇಕು; ಬಿಟ್ಟರೆ ಕೆಲವು ವರ್ಷಗಳಲ್ಲಿ ಅದು ಕೊಳೆತು ಒಳಗೆ ಪೊಳ್ಳಾಗುತ್ತದೆ. ಏರಿನಲ್ಲಿ ಜೆಸಿಬಿಯಿಂದ ಮೇಲ್ಬದಿ ಕಡಿದು ಕೆಳಬದಿಗೆ ತಳ್ಳಿ ಮಟ್ಟಮಾಡಿದ ಅಂಗಳದಲ್ಲಿ ಅರ್ಧ ಮೂಲನೆಲ, ಅರ್ಧ ತುಂಬುಮಣ್ಣು. ಬಿರುಕು, ತಗ್ಗು ಕಾಣಿಸಿಕೊಳ್ಳುವುದು ಬಹುತೇಕ ಇವೆರಡು ಕೂಡುವ ಗೆರೆಯ ಉದ್ದಕ್ಕೇ. ತುಂಬುವ ಮುನ್ನ ಮೂಲನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮಣ್ಣನ್ನು ತೆಳುವಾದ ಪದರಗಳಲ್ಲಿ ಹರಡಿ, ಒಂದೊಂದು ಪದರವನ್ನೂ ಗಟ್ಟಿಮಾಡಿದ ನಂತರವೇ ಮುಂದಿನದನ್ನು ಹಾಕಬೇಕು.

ಗಟ್ಟಿಮಾಡುವುದರಲ್ಲಿ ಯಂತ್ರದ ತೂಕಕ್ಕಿಂತ ತೇವದ ಹದ ಮುಖ್ಯ ಎಂಬುದನ್ನು ಲಾಸ್ ಏಂಜಲಿಸ್‌ನಲ್ಲಿ ಮಣ್ಣಿನ ಅಣೆಕಟ್ಟುಗಳ ಕೆಲಸದಲ್ಲಿದ್ದ ರಾಲ್ಫ್ ಪ್ರಾಕ್ಟರ್ ಎಂಬ ಎಂಜಿನಿಯರ್ 1933ರಲ್ಲಿ ತೋರಿಸಿಕೊಟ್ಟರು. ಒಂದೇ ಮಣ್ಣನ್ನು ಬೇರೆ ಬೇರೆ ತೇವದಲ್ಲಿ, ಅಷ್ಟೇ ಪೆಟ್ಟು ಕೊಟ್ಟು ಬಡಿದರೆ, ಸಾಂದ್ರತೆ ಒಂದು ಹಂತದವರೆಗೆ ಏರಿ ಅಲ್ಲಿಂದ ಇಳಿಯುತ್ತದೆ. ತೀರ ಒಣಗಿದ್ದರೆ ಕಣಗಳು ಒಂದರ ಮೇಲೊಂದು ಜಾರದೆ ಬಿಗಿದು ನಿಲ್ಲುತ್ತವೆ. ತೇವ ಅತಿಯಾದರೆ ಕಣಗಳು ಬರಬೇಕಾದ ಜಾಗವನ್ನು ನೀರು ಹಿಡಿದಿರುತ್ತದೆ, ಬಡಿತಕ್ಕೆ ನೆಲ ತೊನೆಯುತ್ತದೆಯೇ ಹೊರತು ಬಿಗಿಯಾಗುವುದಿಲ್ಲ. ಪ್ರಯೋಗಾಲಯವಿಲ್ಲದೆ ಈ ಹದವನ್ನು ಅಂದಾಜು ಮಾಡಲು ಒಂದು ಮುಷ್ಟಿ ಮಣ್ಣು ಸಾಕು. ಗಟ್ಟಿಯಾಗಿ ಹಿಸುಕಿ ಬಿಟ್ಟಾಗ ಉಂಡೆ ನಿಲ್ಲಬೇಕು, ಅಂಗೈಗೆ ನೀರು ಅಂಟಬಾರದು, ಬೆರಳಿಂದ ಒತ್ತಿದಾಗ ಉಂಡೆ ಎರಡು ಹೋಳಾಗಿ ಒಡೆಯಬೇಕು. ಪುಡಿಪುಡಿಯಾದರೆ ನೀರು ಚಿಮುಕಿಸಬೇಕು. ಒಡೆಯದೆ ಚಪ್ಪಟೆಯಾದರೆ ಒಂದೆರಡು ದಿನ ಬಿಸಿಲಿಗೆ ಬಿಡಬೇಕು. ಬಾಡಿಗೆಗೆ ಸಿಗುವ ಸಣ್ಣ ಪ್ಲೇಟ್ ಕಂಪ್ಯಾಕ್ಟರಿನ ಕಂಪನ ಸುಮಾರು 10 ಸೆಂಟಿಮೀಟರ್ ಆಳಕ್ಕಷ್ಟೇ ಚೆನ್ನಾಗಿ ತಲುಪುತ್ತದೆ. ಒಂದು ಅಡಿ ದಪ್ಪ ಒಮ್ಮೆಗೇ ಸುರಿದು ಮೇಲಿಂದ ಓಡಿಸಿದರೆ ಮೇಲ್ಮೈ ಗಟ್ಟಿಯಾಗಿ, ಅಡಿಭಾಗ ಸಡಿಲವಾಗಿಯೇ ಉಳಿಯುತ್ತದೆ. ಕೊಡಗಿನ ಅಂಗಳಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಇದೇ ಎಂದು ನನಗೆ ಅನ್ನಿಸುತ್ತದೆ.

ಜಲ್ಲಿಯ ಹಾಸಿಗೆ ಒಂದೇ ಗಾತ್ರದ ಕಲ್ಲು ಬೇಡ. ದಪ್ಪ ಕಲ್ಲಿನ ಸಂದಿಗೆ ಸಣ್ಣದು, ಅದರ ಸಂದಿಗೆ ಪುಡಿ ಕೂರುವಂಥ ವೆಟ್‌ಮಿಕ್ಸ್ ಒಳ್ಳೆಯದು. ನಡೆದಾಡುವ ದಾರಿಗೆ 10ರಿಂದ 15 ಸೆಂಟಿಮೀಟರ್, ಕಾರು ಬರುವ ಅಂಗಳಕ್ಕೆ 20ರಿಂದ 25 ಸೆಂಟಿಮೀಟರ್ ಗಟ್ಟಿಯಾದ ದಪ್ಪ ಬೇಕು. ಮಣ್ಣು ಮತ್ತು ಜಲ್ಲಿಯ ನಡುವೆ ನಾನ್‌ವೋವನ್ ಜಿಯೋಟೆಕ್ಸ್‌ಟೈಲ್, ಅಂದರೆ ನೆಲದೊಳಗೆ ಹಾಸುವ ನೇಯದ ಬಟ್ಟೆ, ಹಾಸಿದರೆ ನೀರು ದಾಟುತ್ತದೆ, ಮಣ್ಣು ದಾಟುವುದಿಲ್ಲ. ಜೇಡಿನೆಲದಲ್ಲಿ ಈ ಖರ್ಚನ್ನು ಉಳಿಸಲು ಹೋಗಬಾರದು.

ಇಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಜಿಗುಟು ಮಣ್ಣಿನಲ್ಲಿ ಅಗೆದು ಜಲ್ಲಿ ತುಂಬಿದ ಅಂಗಳ ನೀರಿನ ಮಟ್ಟಿಗೆ ತಳ ತೂತಿಲ್ಲದ ಬೋಗುಣಿಯಂತೆ. ಸಂದುಗಳಿಂದ ಇಳಿದ ನೀರು ಹೊರಹೋಗಲಾರದೆ ಅಲ್ಲೇ ನಿಂತು, ನಾವು ಕಷ್ಟಪಟ್ಟು ಗಟ್ಟಿಮಾಡಿದ ಮಣ್ಣನ್ನೇ ಮೆತ್ತಗೆ ಮಾಡುತ್ತದೆ. ಆದ್ದರಿಂದ ಬಿಲ್ಲೆಯ ಮೇಲ್ಮೈಗೆ ಕೊಡುವ ಇಳಿಜಾರನ್ನು ಅಗೆದ ತಳಕ್ಕೂ ಕೊಡಬೇಕು. 50ಕ್ಕೆ 1ರ ಲೆಕ್ಕದಲ್ಲಿ, ಅಂದರೆ 5 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಇಳಿಜಾರು ಸಾಕು. ತಳದ ಕೆಳತುದಿಯಲ್ಲಿ ತೂತುಳ್ಳ ಪೈಪನ್ನು ಜಲ್ಲಿಯೊಳಗೆ ಹೂಳಿ ಚರಂಡಿಗೆ ಬಿಡಬೇಕು. 100 ಚದರ ಮೀಟರ್ ಅಂಗಳದ ಮೇಲೆ 100 ಮಿ.ಮೀ. ಮಳೆ ಸುರಿದರೆ ಬೀಳುವ ನೀರು 10,000 ಲೀಟರ್. ಜುಲೈ ತಿಂಗಳ ಮಡಿಕೇರಿಗೆ ಒಂದು ದಿನದಲ್ಲಿ ಅಷ್ಟು ಮಳೆ ಹೊಸದೇನಲ್ಲ. ಈ ನೀರನ್ನು ಬರೆಯ (ಕಡಿದಾದ ಮಣ್ಣಿನ ಇಳಿಜಾರಿನ) ಅಂಚಿಗೆ ಬಿಡುವುದು ಅಪಾಯಕರ. 2018ರ ಆಗಸ್ಟ್‌ನ ಭೂಕುಸಿತಗಳನ್ನು ಕಂಡ ಜಿಲ್ಲೆಯಲ್ಲಿ, ನೆನೆದ ಇಳಿಜಾರಿಗೆ ಇನ್ನಷ್ಟು ನೀರು ಕುಡಿಸುವುದು ಏನು ಮಾಡಬಲ್ಲದು ಎಂದು ಬಿಡಿಸಿ ಹೇಳಬೇಕಿಲ್ಲ. ಮೇಲ್ಬದಿಯ ನೀರು ಅಂಗಳಕ್ಕೆ ಬರುವ ಮೊದಲೇ ತಡೆಗಾಲುವೆಯಲ್ಲಿ ತಿರುಗಬೇಕು, ಅಂಗಳದ ನೀರು ಕಲ್ಲು ಕಟ್ಟಿದ ಚರಂಡಿಯಲ್ಲಿ ತೋಡಿನವರೆಗೂ ಹೋಗಬೇಕು.

ಮರಳಿನ ಪದರದ ಕೆಲಸ ಬಿಲ್ಲೆಯನ್ನು ಸಮನಾಗಿ ಕೂರಿಸುವುದಷ್ಟೇ, 2ರಿಂದ 4 ಸೆಂಟಿಮೀಟರ್ ಸಾಕು. ಜಲ್ಲಿಯ ತಗ್ಗುಗಳನ್ನು ಮರಳಿನಿಂದ ತುಂಬಿ ಮಟ್ಟಮಾಡಿದರೆ, ಆ ತಗ್ಗುಗಳೇ ಮುಂದೆ ಮೇಲೆ ಮೂಡುತ್ತವೆ. ಇಲ್ಲಿ ಕ್ರಷರ್ ಪುಡಿಗಿಂತ ತೊಳೆದ, ಒರಟಾದ ಎಂ-ಸ್ಯಾಂಡ್ ಮೇಲು. ಪುಡಿಯ ನುಣುಪು ಧೂಳು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಚಕ್ರ ಹಾದಾಗಲೆಲ್ಲ ರಾಡಿಯಾಗಿ ಸಂದಿನಿಂದ ಹೊರಬರುತ್ತದೆ. ಅಂಚಿಗೆ ಕಾಂಕ್ರೀಟ್ ಕಟ್ಟೆ ಇರಲೇಬೇಕು. ಬಿಲ್ಲೆಯ ದಪ್ಪ ನಡಿಗೆಗೆ 50 ಮಿ.ಮೀ., ಕಾರಿಗೆ 60 ಮಿ.ಮೀ., ಗೊಬ್ಬರ ಮತ್ತು ಕಾಫಿ ಮೂಟೆಯ ಲಾರಿ ಬರುವಲ್ಲಿ 80 ಮಿ.ಮೀ. ಇರಲಿ.

ಕೆಲಸಕ್ಕೆ ಒಳ್ಳೆಯ ಕಾಲ ಕಾಫಿ ಕೊಯ್ಲು ಮುಗಿದ ಮೇಲಿನದು. ಮಾರ್ಚ್, ಏಪ್ರಿಲ್‌ನ ಹೂಮಳೆ ಮಣ್ಣಿಗೆ ಬೇಕಾದ ತೇವವನ್ನು ತಾನೇ ಕೊಡುತ್ತದೆ. ಜಲ್ಲಿ ಹಾಸು ಮುಗಿದ ಮೇಲೆ ಬಿಲ್ಲೆ ಹಾಕಲು ಆತುರಪಡದೆ, ಒಂದು ಮಳೆ ಬೀಳುವವರೆಗೆ ಕಾದರೆ ನೀರು ಎಲ್ಲಿ ನಿಲ್ಲುತ್ತದೆ, ಯಾವ ಮೂಲೆ ಮೆತ್ತಗಾಗುತ್ತದೆ ಎಂದು ಕಣ್ಣಾರೆ ಕಾಣುತ್ತದೆ. ಮಳೆಗಾಲ ಕಳೆದ ಮೇಲೆ ಸಂದುಗಳಿಗೆ ಒಣಮರಳನ್ನು ಮತ್ತೊಮ್ಮೆ ತುಂಬಬೇಕು. ಎಲ್ಲಾದರೂ ತಗ್ಗಾಗಿದ್ದರೆ ಅಷ್ಟು ಭಾಗದ ಬಿಲ್ಲೆಗಳನ್ನು ಮಾತ್ರ ಎತ್ತಿ ಸರಿಪಡಿಸಬಹುದು. ಕಾಂಕ್ರೀಟ್ ಅಂಗಳಕ್ಕೆ ಇಲ್ಲದ ಅನುಕೂಲವಿದು. ಆದರೆ ಎತ್ತಿದ ಮೇಲೆ ಒಂದಿಷ್ಟು ಮರಳು ಸುರಿದು ಮುಚ್ಚದೆ, ಮಣ್ಣು ಬೆರೆತ ಜಲ್ಲಿಯನ್ನು ತಳದವರೆಗೆ ತೆಗೆದು, ಬಟ್ಟೆ ಹಾಸಿ, ಹೊಸ ಜಲ್ಲಿಯನ್ನು ಪದರಪದರವಾಗಿ ಬಡಿದು ಕೂರಿಸಬೇಕು.